ಹಳೇ ಬುಲೆಟ್ ಎಣ್ಣೆ ಸೋರೋದು ಯಾಕೆ?



ನಿಮ್ಮ ಬೀದಿಯಲ್ಲಿ ಯಾರ ಮನೆ ಮುಂದಾದರೂ ಹಳೇ ಬುಲೆಟ್ ನಿಲ್ಲುತ್ತಿದ್ದರೆ, ಅದು ಹೊರಟು ಹೋದ ಮೇಲೆ ನೆಲ ನೋಡಿ. ಅಂಗೈಯಗಲ ಒಂದು ಕರಿ ಕಲೆ ಇರುತ್ತೆ. ಅದರ ಬಗ್ಗೆ ಕೇಳಿದರೆ, "ಬುಲೆಟ್ ಅಂದ್ಮೇಲೆ ಎಣ್ಣೆ ಸೋರೋದೇ" ಅಂತ ದೊಡ್ಡವರು ನಕ್ಕು ಸುಮ್ಮನಾಗುತ್ತಾರೆ. ಆದರೆ ವಿಜ್ಞಾನ ಓದುವ ನಾವು ಅಲ್ಲಿಗೆ ಬಿಡಬಾರದು. ಸೋರುವುದಕ್ಕೆ ಕಾರಣ ಇರಲೇಬೇಕು. ಆ ಕಾರಣ ನಿಮ್ಮ ಭೌತಶಾಸ್ತ್ರ ಪುಸ್ತಕದಲ್ಲೇ ಇದೆ: ಒತ್ತಡ, ಉಷ್ಣದಿಂದ ಹಿಗ್ಗುವಿಕೆ, ಬಲದ ಮಹತ್ವ, ಲೋಮನಾಳ ಕ್ರಿಯೆ.

ಇದು ಬರೀ ನೆಲ ಕೊಳೆಯಾಗುವ ಮಾತಲ್ಲ. ಹಿಂದಿನ ಚಕ್ರಕ್ಕೆ ಎಣ್ಣೆ ತಾಗಿದರೆ ಘರ್ಷಣೆ ಹೋಯಿತು. ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅಂಥ ಕಡೆ ಟೈರ್ ಜಾರಿದರೆ ಏನಾಗುತ್ತೆ ಯೋಚಿಸಿ. ಎಣ್ಣೆ ಪೂರ್ತಿ ಖಾಲಿಯಾದರೆ ಎಂಜಿನ್ ಒಳಗಿನ ಲೋಹ ಲೋಹಕ್ಕೆ ಉಜ್ಜಿ ಹಿಡಿದುಕೊಳ್ಳುತ್ತೆ. ಇನ್ನೂ ಒಂದು ವಿಷಯ ಇದೆ. ಎಂಜಿನ್ ನಂಬರನ್ನು ಕೊರೆದಿರುವುದು ಕ್ರ್ಯಾಂಕ್‌ಕೇಸ್ ಎಂಬ ಹೊರಗವಚದ ಮೇಲೆ. ಅದೇ ನಂಬರು ಗಾಡಿಯ ಆರ್.ಸಿ. ಪುಸ್ತಕದಲ್ಲೂ ಇರುತ್ತೆ. ಅವಸರದಲ್ಲಿ ಬೋಲ್ಟು ಬಿಗಿದು ಆ ಕೇಸು ಒಡೆದರೆ, ಬೇರೆ ತಂದು ಹಾಕುವುದು ಅಂಗಡಿಯಲ್ಲಿ ಸಾಮಾನು ಕೊಂಡಷ್ಟು ಸುಲಭ ಅಲ್ಲ, ಕಾಗದಪತ್ರವನ್ನೂ ತಿದ್ದಿಸಬೇಕು. ಹಾಗಾಗಿ ಹಳೇ ಗಾಡಿಯಲ್ಲಿ ಇರುವ ಕೇಸನ್ನೇ ಉಳಿಸಿಕೊಳ್ಳುವುದು ಮುಖ್ಯ.

ಯಾವ ಎಂಜಿನ್ ಬಗ್ಗೆ ಮಾತು?

ಬುಲೆಟ್ ಮೂಲತಃ ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿಯ ಗಾಡಿ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಮೊದಲು ಅಲ್ಲಿಂದ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು, ಆಮೇಲೆ ಪೂರ್ತಿ ಇಲ್ಲೇ ತಯಾರಾಯಿತು. ಅದರ 350 ಸಿ.ಸಿ. ಎಂಜಿನ್ ಹೆಚ್ಚು ಬದಲಾವಣೆ ಇಲ್ಲದೆ ಐದು ದಶಕ ಬಂತು. ಇದನ್ನು 'ಕ್ಯಾಸ್ಟ್ ಐರನ್ ಬುಲೆಟ್' ಅಂತಾರೆ, ಯಾಕೆಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಬೀಡು ಕಬ್ಬಿಣದ್ದು. ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಕೆಳಗಿರುವ ಕ್ರ್ಯಾಂಕ್‌ಕೇಸೂ ಅಲ್ಯೂಮಿನಿಯಂ ಎರಕವೇ. ಕಡಲೆಕಾಯಿಯ ಸಿಪ್ಪೆ ಎರಡು ಹೋಳಾಗುವ ಹಾಗೆ ಈ ಕೇಸು ಎಡ, ಬಲ ಎಂದು ಎರಡು ಹೋಳು. ನಡುವೆ ನೆಟ್ಟಗೆ ಒಂದು ಸಂದು.

ಈಗ ಎಣಿಸಿ. ಎರಡು ಹೋಳಿನ ನಡುವೆ ಒಂದು ಸಂದು. ಕೇಸಿಗೂ ಸಿಲಿಂಡರಿಗೂ ಒಂದು, ಸಿಲಿಂಡರಿಗೂ ಹೆಡ್ಡಿಗೂ ಒಂದು. ಹೆಡ್ ಮೇಲಿನ ಎರಡು ರಾಕರ್ ಮುಚ್ಚಳ. ಬಲಗಡೆ ಟೈಮಿಂಗ್ ಕವರ್, ಎಡಗಡೆ ಕ್ಲಚ್ ಮತ್ತು ಚೈನು ಇರುವ ಪ್ರೈಮರಿ ಕವರ್. ಮೇಲಕ್ಕೆ ಎಣ್ಣೆ ಒಯ್ಯುವ ಹೊರಗಿನ ಸಣ್ಣ ಪೈಪಿನ ಕೀಲುಗಳು. ತಿರುಗುವ ದಂಡ ಹೊರಬರುವ ಕಡೆ ರಬ್ಬರ್ ಸೀಲು. ಕೆಳಗೆ ಎಣ್ಣೆ ತೆಗೆಯುವ ಪ್ಲಗ್ಗು. ಹತ್ತಕ್ಕಿಂತ ಹೆಚ್ಚು ಕಡೆ ಎಣ್ಣೆಗೆ ಹೊರಬರಲು ದಾರಿ ಇದೆ! ಇವುಗಳಲ್ಲಿ ಯಾವುದು ಬಿಟ್ಟಿದೆ ಅಂತ ಹುಡುಕೋದು ಮೊದಲ ಕೆಲಸ.

ಕಂಡ ಜಾಗ ಬೇರೆ, ಹೊರಟ ಜಾಗ ಬೇರೆ

ಮಳೆಗಾಲದಲ್ಲಿ ಹೆಂಚಿನ ಮನೆ ಸೋರುವುದನ್ನು ಕಾಸರಗೋಡು, ವಯನಾಡಿನ ಮಕ್ಕಳು ನೋಡಿರುತ್ತೀರಿ. ನೀರು ತೊಟ್ಟಿಕ್ಕುವ ಕಡೆ ಹೆಂಚು ಒಡೆದಿರೋದಿಲ್ಲ. ಒಡೆದ ಹೆಂಚು ಮೇಲೆಲ್ಲೋ ಇರುತ್ತೆ, ನೀರು ರೀಪಿನ ಗುಂಟ ಹರಿದು ಬಂದು ಇಲ್ಲಿ ಬೀಳುತ್ತೆ. ಎಂಜಿನ್ನಿನಲ್ಲೂ ಹಾಗೇ. ರಾಕರ್ ಮುಚ್ಚಳದಲ್ಲಿ ಹೊರಟ ಎಣ್ಣೆ ಸಿಲಿಂಡರಿನ ರೆಕ್ಕೆಗಳ ಮೇಲೆ ಇಳಿದು, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ಕೇಸಿನ ತಳದಲ್ಲಿ ತೊಟ್ಟಿಕ್ಕುತ್ತೆ. ಕೆಳಗಿನ ಕಲೆ ನೋಡಿ ಕೆಳಗಿನ ಬೋಲ್ಟು ಬಿಗಿದರೆ ಏನೂ ಉಪಯೋಗ ಇಲ್ಲ.

ಒಳ್ಳೇ ಮೇಸ್ತ್ರಿ ಹೀಗೆ ಮಾಡುತ್ತಾರೆ. ಎಂಜಿನ್ ತಣ್ಣಗಾದ ಮೇಲೆ ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ಪೂರ್ತಿ ತೊಳೆದು ಒರೆಸಿ ಒಣಗಿಸುತ್ತಾರೆ. ಅನುಮಾನ ಇರುವ ಕಡೆಗೆಲ್ಲ ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಮ್ ಪೌಡರ್ ಉದುರಿಸುತ್ತಾರೆ. ಗಾಡಿಯನ್ನು ನಿಂತಲ್ಲೇ ಸ್ವಲ್ಪ ಹೊತ್ತು ಓಡಿಸುತ್ತಾರೆ. ಬಿಳಿ ಪುಡಿ ಮೊದಲು ಎಲ್ಲಿ ಒದ್ದೆಯಾಗಿ ಕಪ್ಪಾಗುತ್ತೋ, ಎಣ್ಣೆ ಹೊರಟ ಜಾಗ ಅದೇ. ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ನೋಡುತ್ತಾ ಬರಬೇಕು. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರೋದೇ ಮೊದಲ ಆರೋಪಿ.

ಜಾಗ ಸಿಕ್ಕಿತು ಅಂದರೆ ಕಾರಣ ಸಿಕ್ಕಿತು ಅಂತಲ್ಲ. ಆ ಸಂದು ಬಿಟ್ಟದ್ದು ಯಾಕೆ ಅಂತ ಇನ್ನೊಂದು ಪ್ರಶ್ನೆ ಕೇಳಬೇಕು. ಒಳಗಿನಿಂದ ಒತ್ತಡ ಹೆಚ್ಚಾಗಿ ತಳ್ಳಿತೋ? ಕೂಡುವ ಮೈ ಸಮತಟ್ಟಾಗಿಲ್ಲವೋ? ಬಿಗಿತ ತಪ್ಪಿತೋ? ಇಲ್ಲಾ ಲೋಹವೇ ಸೀಳಿದೆಯೋ? ಒಂದೊಂದಾಗಿ ನೋಡೋಣ.

ಒತ್ತಡ: ಉಸಿರು ಕಟ್ಟಿದ ಎಂಜಿನ್

ಈ ಎಂಜಿನ್ನಿನ ಸಿಲಿಂಡರ್ ವ್ಯಾಸ 70 ಮಿ.ಮೀ. ಪಿಸ್ಟನ್ ಮೇಲಿಂದ ಕೆಳಗೆ ಓಡಾಡುವ ದೂರ 90 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ನಿಮಗೆ ಗೊತ್ತು. ತ್ರಿಜ್ಯ 3.5 ಸೆಂ.ಮೀ., ಎತ್ತರ 9 ಸೆಂ.ಮೀ. ಇಟ್ಟು ಲೆಕ್ಕ ಮಾಡಿ: 22/7 × 3.5 × 3.5 × 9 = 346.5 ಘನ ಸೆಂ.ಮೀ. ಇದೇ ಆ '350 ಸಿ.ಸಿ.'.

ಪಿಸ್ಟನ್ ಕೆಳಗೆ ಇಳಿದಾಗ, ಅದರ ಕೆಳಗಿರುವ ಕ್ರ್ಯಾಂಕ್‌ಕೇಸಿನ ಜಾಗ ಅಷ್ಟೇ, ಅಂದರೆ ಸುಮಾರು 346 ಸಿ.ಸಿ. ಕಡಿಮೆಯಾಗುತ್ತೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಹೀಗಾಗುತ್ತೆ. ಅದರ ಜೊತೆಗೆ, ಮೇಲೆ ಉರಿದ ಅನಿಲ ಸ್ವಲ್ಪ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದು ಬರುತ್ತೆ. ರಿಂಗ್ ಸವೆದಷ್ಟೂ ಅದು ಹೆಚ್ಚು. ಈ ಗಾಳಿಗೆ ಹೊರಹೋಗಲು ಬ್ರೀದರ್ ಎಂಬ ದಾರಿ ಇಟ್ಟಿರುತ್ತಾರೆ. ಒಳಗಿಂದ ಹೊರಗೆ ಮಾತ್ರ ಬಿಡುವ ಕವಾಟ, ಅದಕ್ಕೊಂದು ಪೈಪು. ಎಂಜಿನ್ ಉಸಿರಾಡುವ ಮೂಗು ಅದೇ.

ಆ ಪೈಪು ಮಡಚಿಕೊಂಡರೆ, ಜಿಗುಟು ಕಟ್ಟಿದರೆ, ಯಾರೋ "ಇದರಲ್ಲಿ ಎಣ್ಣೆ ಬರುತ್ತೆ" ಅಂತ ಬೂಚು ಹೊಡೆದರೆ, ಒಳಗೆ ಒತ್ತಡ ಏರುತ್ತೆ. ವಾತಾವರಣದ ಒತ್ತಡಕ್ಕಿಂತ ಐದನೇ ಒಂದು ಭಾಗದಷ್ಟು ಹೆಚ್ಚಾಯಿತು ಅನ್ನಿ. ಅದು ಚದರ ಮೀಟರಿಗೆ ಸುಮಾರು 20,000 ನ್ಯೂಟನ್. 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಂದು ಕವರಿನ ವಿಸ್ತೀರ್ಣ 0.02 ಚದರ ಮೀಟರ್. ಬಲ = ಒತ್ತಡ × ವಿಸ್ತೀರ್ಣ, ಅಂದರೆ 400 ನ್ಯೂಟನ್. ಒಳಗಿಂದ ಯಾರೋ 40 ಕೆ.ಜಿ. ಭಾರ ಹೊರಿಸಿ ಕವರನ್ನು ತಳ್ಳಿದ ಹಾಗೆ! ಇಂಥ ಎಂಜಿನ್ನಿಗೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಒಂದು ಕಡೆ ನಿಂತು ಇನ್ನೊಂದು ಕಡೆ ಸೋರುತ್ತೆ. ಒಂದೇ ಸಲ ನಾಲ್ಕಾರು ಕಡೆ ಎಣ್ಣೆ ಕಾಣಿಸಿದರೆ ಮೊದಲು ಬ್ರೀದರ್ ನೋಡಿ. ಖರ್ಚಿಲ್ಲದೆ ಮುಗಿಯುವ ರಿಪೇರಿ ಇದು.

ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇನ್ನೊಂದು ತಮಾಷೆ ನಡೆಯುತ್ತೆ. ಬುಲೆಟ್ ಕೇಸಿನೊಳಗೇ ಎಣ್ಣೆಯ ಕೋಣೆ ಬೇರೆ, ಕ್ರ್ಯಾಂಕ್ ತಿರುಗುವ ಕೋಣೆ ಬೇರೆ. ಒಂದು ಪಂಪು ಎಣ್ಣೆಯನ್ನು ಕಳಿಸುತ್ತೆ, ಇನ್ನೊಂದು ವಾಪಸು ತರುತ್ತೆ. ಗಾಡಿ ಸುಮ್ಮನೆ ನಿಂತಾಗ ಸವೆದ ಪಂಪಿನ ಸಂದಿನಿಂದ ಎಣ್ಣೆ ಹನಿಹನಿಯಾಗಿ ಕ್ರ್ಯಾಂಕ್ ಕೋಣೆಗೆ ಇಳಿದು ತುಂಬಿಕೊಳ್ಳುತ್ತೆ. ಒದ್ದು ಸ್ಟಾರ್ಟ್ ಮಾಡಿದ ಕೂಡಲೇ ಬ್ರೀದರಿನಿಂದ ಎಣ್ಣೆ ಬುಗ್ಗೆಯಂತೆ ಬರುತ್ತೆ. ಇದು ಪ್ಯಾಕಿಂಗ್ ಸೋರಿಕೆಯಲ್ಲ. "ಎಣ್ಣೆ ಕಡಿಮೆಯಾಗಿದೆ" ಅಂತ ಮೇಲಿಂದ ಸುರಿದರೆ ಇನ್ನೂ ಹೆಚ್ಚು ಹೊರಬರುತ್ತೆ. ಇಂಥ ಎಂಜಿನ್ನಿನಲ್ಲಿ ಗಾಡಿ ಸ್ವಲ್ಪ ಓಡಿಸಿ ನಿಲ್ಲಿಸಿದ ಮೇಲೆಯೇ ಎಣ್ಣೆ ಮಟ್ಟ ನೋಡಬೇಕು.

ಮೈ: ಕನ್ನಡಿಯಂತೆ ಇರಬೇಕಾದ ಸಂದು

ಎರಡು ಲೋಹದ ಮೈ ಎಷ್ಟು ಒತ್ತಿ ಹಿಡಿದರೂ ಪೂರ್ತಿ ಅಂಟೋದಿಲ್ಲ. ಕಣ್ಣಿಗೆ ಕಾಣದ ತಗ್ಗು ದಿಬ್ಬ ಇರುತ್ತವೆ. ಆ ತಗ್ಗು ತುಂಬೋದಕ್ಕೆ ನಡುವೆ ಕಾಗದದ ಪ್ಯಾಕಿಂಗ್ ಇಡುತ್ತಾರೆ. ಗ್ಯಾಸ್ಕೆಟ್ ಅನ್ನೋದೂ ಅದಕ್ಕೇ. ಕ್ರ್ಯಾಂಕ್‌ಕೇಸಿನ ಎರಡು ಹೋಳಿನ ನಡುವೆ ಕಾಗದವೂ ಇಲ್ಲ, ತೆಳ್ಳಗೆ ಬಳಿದ ಅಂಟು ಮಾತ್ರ. ಪ್ಯಾಕಿಂಗ್ ಮುಚ್ಚಬಲ್ಲದು ಸಣ್ಣ ತಗ್ಗನ್ನು. ಹಳೇ ಪ್ಯಾಕಿಂಗ್ ಕೆರೆಯುವಾಗ ಸ್ಕ್ರೂಡ್ರೈವರಿನಿಂದ ಎಳೆದ ಗೀರನ್ನು, ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಿ ಬಿಚ್ಚಿದಾಗ ಆದ ಹಳ್ಳವನ್ನು ಅದು ಮುಚ್ಚಲಾರದು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಉಕ್ಕಿನ ಸ್ಕ್ರೂಡ್ರೈವರ್ ಅದರ ಮೇಲೆ ಚಾಕುವಿದ್ದಂತೆ. ಕವರ್ ಅಂಟಿಕೊಂಡಿದ್ದರೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ಬಿಡಿಸಬೇಕು. ಹಳೇ ಕಾಗದವನ್ನು ನೆನೆಸಿ, ಪ್ಲಾಸ್ಟಿಕ್ ಅಥವಾ ಬಿದಿರಿನ ತುಂಡಿನಿಂದ ತೆಗೆಯಬೇಕು. ಹಳೇ ಕಾಲದ ಕೆಲವು ಪ್ಯಾಕಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಒಣಗಿದ್ದಾಗ ಕೆರೆದು ಊದಲೇಬಾರದು.

ಕವರ್ ಸಮತಟ್ಟಾಗಿದೆಯೋ ಇಲ್ಲವೋ ಅಂತ ನೋಡೋದು ಹೇಗೆ? ದಪ್ಪ ಗಾಜಿನ ಹಲಗೆ ತಗೊಂಡು, ಅದರ ಮೇಲೆ ನಯವಾದ ಎಮರಿ ಕಾಗದ ಹಾಸಿ, ಕವರಿನ ಅಂಚನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜುತ್ತಾರೆ. ನಾಲ್ಕು ಸಲ ಉಜ್ಜಿ ತಿರುಗಿಸಿ ನೋಡಿದರೆ ಎತ್ತರದ ಕಡೆ ಹೊಳೆಯುತ್ತೆ, ತಗ್ಗಿನ ಕಡೆ ಮಂಕಾಗಿರುತ್ತೆ. ಅಂಚೆಲ್ಲ ಒಂದೇ ಸಮ ಹೊಳೆಯುವ ತನಕ ಉಜ್ಜಿ, ಪುಡಿ ಒಂದು ಕಣವೂ ಉಳಿಯದಂತೆ ತೊಳೆಯುತ್ತಾರೆ.

ಕೆಲವರು ಇಷ್ಟೆಲ್ಲ ಕಷ್ಟ ಬೇಡ ಅಂತ ಟ್ಯೂಬಿನ ಸಿಲಿಕೋನ್ ಅಂಟನ್ನು ಹಲ್ಲಿನ ಪೇಸ್ಟಿನ ಹಾಗೆ ಹಿಂಡಿ ಕವರ್ ಮುಚ್ಚುತ್ತಾರೆ. ಹೊರಗೆ ಉಬ್ಬಿದ ಅಂಟು ಕಾಣಿಸುತ್ತೆ. ಒಳಗೂ ಅಷ್ಟೇ ಉಬ್ಬಿರುತ್ತೆ, ಅದು ಕಾಣಿಸೋದಿಲ್ಲ. ಒಣಗಿದ ಚೂರು ಕಿತ್ತು ಬಂದು ಎಣ್ಣೆಯ ಸಣ್ಣ ದಾರಿಗೆ ಅಡ್ಡ ಕೂತರೆ ಬೇರಿಂಗಿಗೆ ಎಣ್ಣೆ ಹೋಗೋದಿಲ್ಲ. ಹೊರಗಿನ ಹನಿ ನಿಲ್ಲಿಸಲು ಹೋಗಿ ಒಳಗಿನ ಜೀವ ಕಳೆದ ಹಾಗಾಯಿತು. ಅಂಟು ಬೇಕಾದರೂ ಪೊರೆಯಷ್ಟು ತೆಳ್ಳಗೆ ಸಾಕು.

ತಿರುಗುವ ದಂಡದ ಕಡೆ ಕಾಗದ ನಿಲ್ಲೋದಿಲ್ಲ. ಅಲ್ಲಿ ರಬ್ಬರಿನ ಆಯಿಲ್ ಸೀಲ್ ಬೇಕು. ಅದರ ತುಟಿಯನ್ನು ಒಂದು ಸಣ್ಣ ಸುರುಳಿ ಸ್ಪ್ರಿಂಗ್ ದಂಡಕ್ಕೆ ಒತ್ತಿ ಹಿಡಿದಿರುತ್ತೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಮೆತ್ತಗಿನ ರಬ್ಬರೇ ಉಕ್ಕಿನ ದಂಡದಲ್ಲಿ ಗೆರೆ ಮೂಡಿಸಿಬಿಡುತ್ತೆ, ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಗೆರೆ ಮಾಡಿದಂತೆ. ಅಲ್ಲಿ ಹೊಸ ಸೀಲು ಹಾಕಿದರೂ ಸೋರುತ್ತೆ. ಎಂಜಿನ್ನಿನ ಎಣ್ಣೆ ಕಡಿಮೆಯಾಗುತ್ತಾ ಎಡಗಡೆಯ ಪ್ರೈಮರಿ ಕೇಸಿನಲ್ಲಿ ಎಣ್ಣೆ ಏರುತ್ತಿದ್ದರೆ, ಒಳಗೊಳಗೇ ಸೀಲು ಬಿಟ್ಟಿದೆ ಎಂದರ್ಥ. ನೆಲದ ಮೇಲೆ ಒಂದು ಹನಿಯೂ ಕಾಣೋದಿಲ್ಲ.

ಬಿಗಿತ: ಹೆಚ್ಚಾದರೂ ಕೆಡುಕು

ಸೋರಿದ ಕೂಡಲೇ ನಮಗೆ ಹೊಳೆಯೋದು, "ಇನ್ನೊಂಚೂರು ಬಿಗಿ ಮಾಡು". ಇಲ್ಲೇ ಹೆಚ್ಚಿನ ಕೇಸುಗಳು ಒಡೆಯೋದು.

20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯನ್ನು 50 ನ್ಯೂಟನ್ ಬಲದಿಂದ, ಅಂದರೆ 5 ಕೆ.ಜಿ. ಎತ್ತುವಷ್ಟು ಜೋರಿನಿಂದ ತಳ್ಳಿದರೆ, ತಿರುಚುಬಲ 50 × 0.2 = 10 ನ್ಯೂಟನ್ ಮೀಟರ್. 6 ಮಿ.ಮೀ. ದಪ್ಪದ ಸ್ಕ್ರೂಗೆ ಇದು ಸಾಕು. ಇಷ್ಟಕ್ಕೇ, ಘರ್ಷಣೆಯಲ್ಲಿ ಹೋದದ್ದು ಕಳೆದು, ಆ ಒಂದು ಸ್ಕ್ರೂ ಕವರನ್ನು ಸುಮಾರು 8,000 ನ್ಯೂಟನ್ ಬಲದಿಂದ ಒತ್ತಿ ಹಿಡಿಯುತ್ತೆ. ಹತ್ತಿರ ಹತ್ತಿರ ಎಂಟು ಕ್ವಿಂಟಲ್ ಭಾರ! ಇಳಿಜಾರಿನ ತತ್ವವನ್ನೇ ಸುರುಳಿ ಸುತ್ತಿದರೆ ಸ್ಕ್ರೂ ಆಗುತ್ತೆ ಅಂತ ಓದಿದ್ದೀರಲ್ಲ, ಅದರ ಶಕ್ತಿ ಇದು. ಈಗ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ 40 ಸೆಂ.ಮೀ. ಮಾಡಿ, 150 ನ್ಯೂಟನ್ ಬಲ ಹಾಕಿದರೆ 60 ನ್ಯೂಟನ್ ಮೀಟರ್, ಅಂದರೆ ಬೇಕಾದ್ದಕ್ಕಿಂತ ಆರು ಪಟ್ಟು. ಆಗ ಸ್ಕ್ರೂ ತುಂಡಾಗುತ್ತೆ, ಇಲ್ಲವೇ ಅಲ್ಯೂಮಿನಿಯಂನಲ್ಲಿ ಕೊರೆದ ಥ್ರೆಡ್ ಕಿತ್ತು ಬರುತ್ತೆ, ಇಲ್ಲವೇ ತೂತಿನ ಸುತ್ತ ಕೇಸು ಬಿರಿಯುತ್ತೆ.

ಬುಲೆಟ್ಟಿನ ಎಡಗಡೆ ಪ್ರೈಮರಿ ಕವರ್ ಇದಕ್ಕೆ ಒಳ್ಳೇ ಉದಾಹರಣೆ. ಅಷ್ಟು ದೊಡ್ಡ ಕವರನ್ನು ಹಿಡಿದಿರೋದು ನಡುವೆ ಒಂದೇ ನಟ್ಟು. ಅಂಚಿನಲ್ಲಿ ಸುತ್ತ ರಬ್ಬರ್ ಉಂಗುರ. ಎಣ್ಣೆ ಸೋರಿತು ಅಂತ ನಡುವಿನ ನಟ್ಟು ಜೋರಾಗಿ ಬಿಗಿದರೆ ಕವರಿನ ನಡುಭಾಗ ಒಳಕ್ಕೆ ಬಗ್ಗುತ್ತೆ, ಅಂಚು ಮೇಲೇಳುತ್ತೆ. ಅಲ್ಲಿಗೆ ಸೋರಿಕೆ ಇನ್ನೂ ಹೆಚ್ಚಾಯಿತು. ಬಿಗಿದಷ್ಟೂ ಸೋರುತ್ತೆ! ಇಲ್ಲಿ ಮದ್ದು ಹೊಸ ರಬ್ಬರ್, ಹದವಾದ ಬಿಗಿತ. ಸ್ಕ್ರೂ ಬಹಳ ಇರುವ ಕವರಿಗೆ ಒಂದು ಕ್ರಮ ಇದೆ. ಎದುರು ಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು.

ಬಿಸಿಯಾದಾಗ ಏನಾಗುತ್ತೆ ಅದನ್ನೂ ನೋಡಿ. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 0.023 ಮಿ.ಮೀ. ಹಿಗ್ಗುತ್ತೆ. ಬೀಡು ಕಬ್ಬಿಣ ಅದರ ಅರ್ಧದಷ್ಟು, ಸುಮಾರು 0.011 ಮಿ.ಮೀ. ಹೆಡ್ಡೂ ಸಿಲಿಂಡರೂ ಕೂಡುವ ಕಡೆ 10 ಸೆಂ.ಮೀ. ಅಗಲ ಇದೆ, ಬಿಸಿ 100 ಡಿಗ್ರಿ ಏರಿತು ಅನ್ನಿ. ಅಲ್ಯೂಮಿನಿಯಂ ಹೆಡ್ 0.23 ಮಿ.ಮೀ., ಕಬ್ಬಿಣದ ಸಿಲಿಂಡರ್ 0.11 ಮಿ.ಮೀ. ಹಿಗ್ಗಿತು. ವ್ಯತ್ಯಾಸ 0.12 ಮಿ.ಮೀ., ಕೂದಲೆಳೆಗಿಂತ ದಪ್ಪ. ಪ್ರತಿ ಸಲ ಗಾಡಿ ಬಿಸಿಯಾಗಿ ತಣ್ಣಗಾದಾಗ ನಡುವಿನ ಪ್ಯಾಕಿಂಗ್ ಈ ಎರಡರ ಜಗಳಕ್ಕೆ ಸಿಕ್ಕಿ ಉಜ್ಜುತ್ತೆ, ತೆಳ್ಳಗಾಗುತ್ತೆ. ಅದಕ್ಕೇ ಹೊಸ ಪ್ಯಾಕಿಂಗ್ ಹಾಕಿ ಸ್ವಲ್ಪ ದೂರ ಓಡಿಸಿದ ಮೇಲೆ, ಎಂಜಿನ್ ಪೂರ್ತಿ ತಣ್ಣಗಾದಾಗ ಹೆಡ್ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸುತ್ತಾರೆ.

ಥ್ರೆಡ್ ಹೋದರೆ ಕೇಸೇ ಹೋದಂತಲ್ಲ. ತೂತನ್ನು ಸ್ವಲ್ಪ ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ ಎಳೆದು, ಅದರೊಳಗೆ ಸ್ಟೇನ್‌ಲೆಸ್ ಉಕ್ಕಿನ ತಂತಿಯ ಸುರುಳಿ ಕೂರಿಸುತ್ತಾರೆ. ಹೆಲಿಕಾಯಿಲ್ ಅಂತಾರೆ. ಹಳೇ ಅಳತೆಯ ಸ್ಕ್ರೂ ಮತ್ತೆ ಅದೇ ಜಾಗದಲ್ಲಿ ಕೂರುತ್ತೆ, ಮೊದಲಿಗಿಂತ ಗಟ್ಟಿಯಾಗಿ. ಒಂದು ಎಚ್ಚರ ಬೇಕು: ಹಳೇ ಬುಲೆಟ್ಟಿನ ಬಹಳಷ್ಟು ಥ್ರೆಡ್ ಬ್ರಿಟಿಷ್ ಅಳತೆಯವು. ಮಿಲಿಮೀಟರ್ ಅಳತೆಯ ಬೋಲ್ಟು ಎರಡು ಸುತ್ತು ಹೋದ ಹಾಗೆ ಮಾಡಿ ಬಿಗಿಯಾಗುತ್ತೆ. ಅಲ್ಲಿ ಜೋರು ಮಾಡಿದರೆ ಥ್ರೆಡ್ ಹಾಳು. ಕೈಯಲ್ಲಿ ಸಲೀಸಾಗಿ ಹೋಗದ ಬೋಲ್ಟು ಆ ತೂತಿನದಲ್ಲ.

ಬಿರುಕು: ಚಿಕ್ಕ ತೂತು ಕೊರೆದು ನಿಲ್ಲಿಸೋದು

ಗಾಡಿ ಬಿದ್ದಾಗ, ತಳಕ್ಕೆ ಕಲ್ಲು ಹೊಡೆದಾಗ, ಸಡಿಲವಾದ ಚೈನು ಕಿತ್ತು ಕೇಸಿನೊಳಗೆ ಸಿಕ್ಕಿಕೊಂಡಾಗ ಎರಕದ ಕೇಸು ಬಿರಿಯುತ್ತೆ. ಬಿರುಕು ಕೂದಲಿಗಿಂತ ಸಣ್ಣದು, ಕಣ್ಣಿಗೆ ಪೂರ್ತಿ ಕಾಣೋದಿಲ್ಲ. ಕಂಡುಹಿಡಿಯಲು ಹಳೇ ವರ್ಕ್‌ಶಾಪಿನ ಉಪಾಯ ಇದೆ. ಬಿಚ್ಚಿ ತೊಳೆದ ಕೇಸಿನ ಹೊರಮೈಗೆ ಸೀಮೆಸುಣ್ಣ ಕಲಸಿ ಬಳಿದು ಒಣಗಿಸಿ, ಒಳಮೈಗೆ ಸೀಮೆಎಣ್ಣೆ ಸವರಿ ಬಿಡುತ್ತಾರೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೇ, ಲೋಮನಾಳ ಕ್ರಿಯೆಯಿಂದ ಸೀಮೆಎಣ್ಣೆ ಬಿರುಕಿನೊಳಗೆ ಹೊಕ್ಕು ಆಚೆ ಬರುತ್ತೆ. ಬಿಳಿ ಸುಣ್ಣದ ಮೇಲೆ ಬಿರುಕಿನ ನಕ್ಷೆ ಒದ್ದೆ ಗೆರೆಯಾಗಿ ಮೂಡುತ್ತೆ.

ಬಿರುಕು ತಾನಾಗಿ ಬೆಳೆಯುತ್ತಾ ಹೋಗುತ್ತೆ. ಯಾಕೆ? 1913ರಲ್ಲಿ ಚಾರ್ಲ್ಸ್ ಇಂಗ್ಲಿಸ್ ಎಂಬ ಬ್ರಿಟಿಷ್ ಎಂಜಿನಿಯರ್ ಇದನ್ನು ಗಣಿತದಲ್ಲಿ ತೋರಿಸಿದರು. ತಗಡನ್ನು ಎಳೆದಾಗ ಅದರಲ್ಲಿ ದುಂಡು ತೂತಿದ್ದರೆ, ತೂತಿನ ಅಂಚಿನಲ್ಲಿ ಎಳೆತ ಮೂರು ಪಟ್ಟಾಗುತ್ತೆ. ತೂತು ಮೊಟ್ಟೆಯಾಕಾರದಲ್ಲಿ ಎಳೆತಕ್ಕೆ ಅಡ್ಡವಾಗಿ ಚಪ್ಪಟೆಯಾಗಿದ್ದರೆ, ಚೂಪಾದ ತುದಿಯಲ್ಲಿ ಇನ್ನೂ ಹೆಚ್ಚು. ಉದ್ದವು ಅಗಲದ ನೂರು ಪಟ್ಟು ಇದ್ದರೆ ಅವರ ಸೂತ್ರದ ಪ್ರಕಾರ 1 + 2 × 100, ಅಂದರೆ 201 ಪಟ್ಟು! ಬಿರುಕು ಅಂದರೆ ಇಂಥ ಅತಿ ಚಪ್ಪಟೆ ತೂತೇ. ಅದರ ತುದಿಯಲ್ಲಿ ಎಳೆತವೆಲ್ಲ ಬಂದು ಸೇರುತ್ತೆ. ಹಾಗಾಗಿ ಬಿರುಕಿನ ಎರಡೂ ತುದಿಯಲ್ಲಿ ಸಣ್ಣ ದುಂಡು ತೂತು ಕೊರೆದರೆ ಚೂಪು ತುದಿ ದುಂಡಾಗುತ್ತೆ, ಓಟ ನಿಲ್ಲುತ್ತೆ. ಒಡೆದ ಕೇಸಿಗೆ ಇನ್ನೊಂದು ತೂತು ಕೊರೆಯೋದು ನೋಡಿ ನಗಬೇಡಿ. ಅದರಲ್ಲಿ ಲೆಕ್ಕ ಇದೆ.

ಆಮೇಲೆ ಬೆಸುಗೆ. ಅಲ್ಯೂಮಿನಿಯಂ ಬೆಸೆಯೋದು ಕಬ್ಬಿಣ ಬೆಸೆದಷ್ಟು ಸುಲಭ ಅಲ್ಲ. ಅದರ ಮೇಲೆ ಯಾವಾಗಲೂ ಆಕ್ಸೈಡಿನ ತೆಳು ಪೊರೆ ಇರುತ್ತೆ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿ ಸೆಲ್ಸಿಯಸ್‌ಗೆ, ಆ ಪೊರೆ ಕರಗಲು 2,000 ಡಿಗ್ರಿಗಿಂತ ಹೆಚ್ಚು ಬೇಕು. ಒಳಗಿನ ಲೋಹ ನೀರಾದರೂ ಮೇಲಿನ ಚರ್ಮ ಹಾಗೇ ನಿಂತಿರುತ್ತೆ. ಮೇಲಾಗಿ, ಕಾದ ಕಬ್ಬಿಣದ ಹಾಗೆ ಅದು ಕೆಂಪಾಗಿ ಎಚ್ಚರಿಸೋದಿಲ್ಲ, ಇದ್ದಕ್ಕಿದ್ದಂತೆ ಕುಸಿದು ಬೀಳುತ್ತೆ. ಅದಕ್ಕೇ 'ಆರ್ಗಾನ್ ವೆಲ್ಡಿಂಗ್' ಬೇಕು. ಗಾಳಿಯಲ್ಲಿ ಶೇಕಡ ಒಂದಕ್ಕಿಂತ ಸ್ವಲ್ಪ ಕಡಿಮೆ ಇರುವ ಆರ್ಗಾನ್ ಜಡ ಅನಿಲ, ಯಾವುದರ ಜೊತೆಗೂ ಸುಲಭಕ್ಕೆ ಸೇರದು. ಬೆಸೆಯುವ ಜಾಗದ ಮೇಲೆ ಅದನ್ನು ಹರಿಸಿದರೆ ಆಮ್ಲಜನಕ ಹತ್ತಿರ ಬರೋದಿಲ್ಲ. ಹಿಂದೆ ಮುಂದೆ ಹರಿಯುವ ಎ.ಸಿ. ವಿದ್ಯುತ್ತು ಹಳೇ ಪೊರೆಯನ್ನು ಒಡೆಯುತ್ತಾ ಹೋಗುತ್ತೆ.

ಹಳೇ ಕೇಸಿನಲ್ಲಿ ಇನ್ನೊಂದು ತೊಡಕು, ಎರಕದ ಸಣ್ಣ ರಂಧ್ರಗಳಲ್ಲಿ ದಶಕಗಳ ಎಣ್ಣೆ ಕೂತಿರುತ್ತೆ. ತೊಳೆದು, ಬಿಸಿ ಮಾಡಿ, ಬೆವರಿದ ಎಣ್ಣೆ ಒರೆಸಿ, ಮತ್ತೆ ಬಿಸಿ ಮಾಡಿ ಅದನ್ನು ಹೊರಗೆ ತರಬೇಕು. ಇಲ್ಲದಿದ್ದರೆ ಬೆಸುಗೆಯಲ್ಲಿ ಗುಳ್ಳೆ ಏಳುತ್ತೆ. ಬಿರುಕನ್ನು ಇಳಿಜಾರು ಕಾಲುವೆಯಂತೆ ಕೊರೆದು, ಕೇಸನ್ನು ಒಂದೇ ಸಮ ಬೆಚ್ಚಗೆ ಮಾಡಿ, ಸಿಲಿಕಾನ್ ಸೇರಿದ ಅಲ್ಯೂಮಿನಿಯಂ ಕಡ್ಡಿಯಿಂದ ತುಂಬುತ್ತಾರೆ. ಆಮೇಲೆ ನಿಧಾನ ಆರಲು ಬಿಡುತ್ತಾರೆ. ನೀರು ಹಾಕಿದರೆ ಮತ್ತೆ ಬಿರಿಯುತ್ತೆ. ಕೊನೆಗೆ ಸಂದಿನ ಮೈ ಸೊಟ್ಟಗಾಗಿದೆಯೋ ನೋಡಿ ಸಮ ಮಾಡಿಸುತ್ತಾರೆ. ಭಾರ ಬೀಳದ ಕಡೆ, ಉದಾಹರಣೆಗೆ ಹೊರಗಿನ ಕವರಿನ ಸಣ್ಣ ತೂತಿಗೆ, ಎಪಾಕ್ಸಿ ಅಂಟೇ ಸಾಕಾಗಬಹುದು. ಬೇರಿಂಗ್ ಕೂರುವ ಜಾಗಕ್ಕೆ, ಎಂಜಿನ್ ಚೌಕಟ್ಟಿಗೆ ಕಟ್ಟುವ ಕಿವಿಗಳಿಗೆ ಅಂಟು ಕೂಡದು.

ಮೈಸೂರಿನ ಗಾಡಿಯಲ್ಲಿ ಸೋರಿಕೆ ಉಲ್ಟಾ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರ ತನಕ ತಯಾರಾದ ಜಾವಾ, ಯೆಜ್ಡಿ ಗಾಡಿಗಳೂ ನಿಮ್ಮ ಕಡೆ ಓಡಾಡುತ್ತಿರಬಹುದು. ಅವು ಟೂ ಸ್ಟ್ರೋಕ್. ಪೆಟ್ರೋಲು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೇ ಬಂದು, ಅಲ್ಲಿಂದ ಮೇಲೆ ಹೋಗುತ್ತೆ. ಪಿಸ್ಟನ್ ಮೇಲೇರುವಾಗ ಕೇಸಿನೊಳಗೆ ಒತ್ತಡ ಇಳಿಯುತ್ತೆ. ಸಂದು ಬಿಟ್ಟಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಆಗ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ, ಅದರಲ್ಲಿ ಕಲಸಿದ ಎಣ್ಣೆಯೂ ಕಡಿಮೆ. ಎಂಜಿನ್ ವಿಪರೀತ ಬಿಸಿಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತೆ. ನೆಲದ ಮೇಲೆ ಕಲೆ ಇಲ್ಲದಿದ್ದರೂ ಸೋರಿಕೆ ಇರಬಹುದು ಅನ್ನೋದಕ್ಕೆ ಇದು ಸಾಕ್ಷಿ.

ಮರೆಯಬಾರದ ಕೆಲವು ಮಾತು

ಬಿಸಿಯಾದಷ್ಟೂ ಎಣ್ಣೆ ತೆಳ್ಳಗಾಗುತ್ತೆ. ಆದೋನಿ, ರಾಯದುರ್ಗ, ಸೊಲ್ಲಾಪುರದ ಬೇಸಿಗೆಯಲ್ಲಿ ತೀರ ತೆಳು ಎಣ್ಣೆ ಹಾಕಿದರೆ ಸಣ್ಣ ಸಂದಿನಲ್ಲೂ ಜಾರುತ್ತೆ. ಈ ಎಂಜಿನ್ನಿಗೆ ಸಾಮಾನ್ಯವಾಗಿ 20ಡಬ್ಲ್ಯು-50 ದರ್ಜೆಯ ಎಣ್ಣೆ ಬಳಸುತ್ತಾರೆ. ಮಳೆನಾಡಿನಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ತಿಳಿಯಿರಿ, ಬದಲಿಸಲೇಬೇಕು.

ಬಳಸಿದ ಎಣ್ಣೆಯನ್ನು ಚರಂಡಿಗೆ, ಹೊಲದ ಬದುವಿಗೆ ಸುರಿಯಬೇಡಿ. ಮಣ್ಣಿಗಿಳಿದು ಬಾವಿ ಸೇರುತ್ತೆ. ಡಬ್ಬಿಯಲ್ಲಿ ಹಿಡಿದು, ಹಳೇ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿಸಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತೆ. ಬಿಚ್ಚುವುದು, ಬೆಸೆಯುವುದು ಮೇಸ್ತ್ರಿಯ ಕೆಲಸ. ನೀವು ಪಕ್ಕದಲ್ಲಿ ನಿಂತು ನೋಡಿ, ಯಾಕೆ ಅಂತ ಕೇಳಿ.

ನೀವೇ ಮಾಡಿ ನೋಡಿ

1. ಒಂದು ಹಾಳೆಯ ಅಂಚಿನಲ್ಲಿ ಕತ್ತರಿಯಿಂದ 3 ಸೆಂ.ಮೀ. ಸೀಳು ಮಾಡಿ ಎರಡು ಕಡೆ ಎಳೆಯಿರಿ. ಇನ್ನೊಂದು ಹಾಳೆಯಲ್ಲಿ ಅಷ್ಟೇ ಸೀಳಿನ ತುದಿಗೆ ಪಂಚಿಂಗ್ ಮಷಿನ್ನಿನಿಂದ ದುಂಡು ತೂತು ಮಾಡಿ ಎಳೆಯಿರಿ. ಯಾವುದು ಸುಲಭವಾಗಿ ಹರಿಯಿತು?

2. ಎರಡು ಗಾಜಿನ ಚೂರನ್ನು ಒಂದು ಅಂಚಿಗೆ ಅಂಟಿಸಿ, ಇನ್ನೊಂದು ಅಂಚಿನಲ್ಲಿ ಕಡ್ಡಿ ಸಿಕ್ಕಿಸಿ, ಬಣ್ಣದ ನೀರಿನಲ್ಲಿ ನಿಲ್ಲಿಸಿ. ಅಂಚಿಗೆ ಬಟ್ಟೆ ಹಿಡಿದು ಕೆಲಸ ಮಾಡಿ. ನೀರು ಎಲ್ಲಿ ಹೆಚ್ಚು ಮೇಲೇರಿತು? ಬಿರುಕಿಗೂ ಅದಕ್ಕೂ ಏನು ಸಂಬಂಧ?

3. ನಿಮ್ಮ ಊರಿನ ಗ್ಯಾರೇಜಿಗೆ ಹೋಗಿ, ಮೇಸ್ತ್ರಿಯವರನ್ನು ಕೇಳಿ ಒಂದು ಎಂಜಿನ್ನಿನ ಸಂದುಗಳನ್ನು ಎಣಿಸಿ ಬರೆದುಕೊಳ್ಳಿ. ಯಾವ ಸಂದಿಗೆ ಕಾಗದ, ಯಾವುದಕ್ಕೆ ರಬ್ಬರ್, ಯಾವುದಕ್ಕೆ ತಾಮ್ರ? ಯಾಕೆ ಹಾಗೆ ಅಂತ ತರಗತಿಯಲ್ಲಿ ಚರ್ಚಿಸಿ.